ಇನ್ನೊಂದು ಸಲ ಕೇಳಬೇಕಿತ್ತು

ಕಾಕಾ ತೀರಿಕೊಂಡ ದಿನ ಅವರ ಮನೆಯ ಕಟ್ಟೆಯ ಮೇಲೆ ಕುಳಿತವರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಯಾರ ಹತ್ರ ಏನೂ ಬೇಡಿದಾಂವ ಅಲ್ಲ ಬಿಡ್ರಿ. ಆಶಾ ಅನ್ನೂದ ಇರಲಿಲ್ಲ ಅಂವಗ." ಮಠದಿಂದ ಬಂದಿದ್ದ ಸ್ವಾಮಿಗಳೂ ಇದನ್ನೇ ಸ್ವಲ್ಪ ಉದ್ದ ಮಾಡಿ ಹೇಳಿದರು. ನಾನು ಕಂಬಕ್ಕೆ ಒರಗಿ ಕೇಳಿಸಿಕೊಂಡೆ. ಸತ್ತವರ ಮನೆಯಲ್ಲಿ ವಾದಕ್ಕೆ ನಿಲ್ಲಬಾರದೆಂದು ಸುಮ್ಮನಿದ್ದೆ. ಈಗ ಹೇಳುತ್ತೇನೆ, ಅದು ಶುದ್ಧ ಸುಳ್ಳು. ಆ ಮನುಷ್ಯನಿಗೆ ಎಲ್ಲವೂ ಬೇಕಾಗಿತ್ತು. ಚಹಾ ಬೇಕಾಗಿತ್ತು, ಎರಡನೆಯ ಹೋಳಿಗೆ ಬೇಕಾಗಿತ್ತು, ಚೇರ್ಮನ್‌ಗಿರಿ ಬೇಕಾಗಿತ್ತು. ಮುಂಬಯಿಯ ಒಂದು ಜಪಾನಿ ಹೋಟೆಲಿನಲ್ಲಿ ಜಪಾನಿನ ಸಾಹೇಬ ಎದುರಿಗೆ ಇಟ್ಟದ್ದೂ ಬೇಕಾಗಿತ್ತು. ಬೇಕು ಅನ್ನುವ ಮಾತೊಂದೇ ಅವರ ಬಾಯಿಂದ ಹೊರಬೀಳುತ್ತಿರಲಿಲ್ಲ. ಆ ಒಂದು ಮಾತಿಗೆ ನಮ್ಮೂರು ಏನೇನು ಕಳೆದುಕೊಂಡಿತು ಎನ್ನುವುದು ಕಟ್ಟೆಯ ಮೇಲೆ ಕುಳಿತವರಿಗೇನು ಗೊತ್ತು?

ಅವರು ನನಗೆ ಸ್ವಂತ ಚಿಕ್ಕಪ್ಪನಲ್ಲ. ಊರಿಗೆಲ್ಲ ಕಾಕಾ, ಹಾಗಾಗಿ ನನಗೂ ಕಾಕಾ. ಆಳಂದದಿಂದ ಹಿರೋಳ್ಳಿಯ ಕಡೆ ಹೋಗುವ ದಾರಿಯಲ್ಲಿ, ಇನ್ನೇನು ಮಹಾರಾಷ್ಟ್ರ ಬಂತು ಅನ್ನುವಷ್ಟರಲ್ಲಿ ಬಲಕ್ಕೆ ಒಳಗೆ ಇರುವ ಊರು ನಮ್ಮದು. ಅಲ್ಲಿ ಕುಸುಬಿ ಬೆಳೆಯುವವರು ಸೇರಿ ಕಟ್ಟಿಕೊಂಡ ಒಂದು ಸೊಸೈಟಿ, ಅದಕ್ಕೊಂದು ಸಣ್ಣ ಎಣ್ಣೆ ಗಿರಣಿ. ಕಾಕಾ ಅದರ ಚೇರ್ಮನ್, ನಾನು ಸೆಕ್ರೆಟರಿ. ಗುಲ್ಬರ್ಗಾದಲ್ಲಿ ಬಿ.ಕಾಂ. ಓದಿ ಬಂದವನಿಗೆ ಆ ನೌಕರಿ ಬಿಟ್ಟರೆ ಊರಲ್ಲಿ ಬೇರೆ ಗತಿ ಇರಲಿಲ್ಲ.

ಅವರ ಮನೆಗೆ ಹೋದರೆ ಚಹಾ, ತಿಂಡಿ, ಊಟ ಯಾವುದಕ್ಕೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ಅವರು ನಿಮ್ಮ ಮನೆಗೆ ಬಂದರೆ ನಾಟಕ ಶುರು.

"ಚಾ ಮಾಡ್ಸಲೇನ್ರಿ ಕಾಕಾ?"

"ಬ್ಯಾಡೋ ತಮ್ಮಾ. ಈಗ ಕುಡದ ಹೊಂಟೀನಿ."

"ಜರಾ ತಗೋರಿ."

"ಇರ್ಲಿ ಬಿಡು, ಯಾಕ ತ್ರಾಸ?"

"ನಮ್ಮ ಮನ್ಯಾಗ ಬಂದು ಹಂಗ ಹೋಗ್ತೀರೇನ್ರಿ?"

"ಹಂಗಾರ ಅರ್ಧಾ ಕಪ್ಪ ಹಾಕ್ ಹೇಳು. ಸಕ್ರಿ ಜರಾ ಮುಂದ."

ಮೂರನೆಯ ಸಲ ಕೇಳಿದ ಮೇಲೆ ಬರುವ ಅರ್ಧ ಕಪ್ಪು ತುಂಬಿದ ಕಪ್ಪೇ ಆಗಿರಬೇಕು, ಬಸಿಗೂ ಸ್ವಲ್ಪ ಚೆಲ್ಲಿರಬೇಕು. ನಮ್ಮ ಕಡೆ ಇದು ಹೊಸದೇನಲ್ಲ, ಎಲ್ಲರೂ ಒಂದೆರಡು ಸಲ ಬೇಡ ಅನ್ನುವವರೇ. ಆದರೆ ಉಳಿದವರು ಹಸಿವು ಜೋರಾದರೆ ಒಂದು ಮೆಟ್ಟಿಲು ಬಿಟ್ಟು ಇಳಿಯುತ್ತಾರೆ. ಕಾಕಾ ಎಂದೂ ಬಿಟ್ಟವರಲ್ಲ. ನನ್ನ ಹೆಂಡತಿ ಹಾಸನದ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಬೇಡ ಅಂದ ಕೂಡಲೇ "ಸರಿ" ಅಂದು ಒಳಗೆ ಹೋಗಿಬಿಟ್ಟಳು. ಕಾಕಾ ಸಂಜೆಯವರೆಗೂ ಒಣ ಬಾಯಲ್ಲಿ ಕುಳಿತಿದ್ದು ಎದ್ದು ಹೋದರು. ಮರುದಿನ ಸೊಸೈಟಿಯಲ್ಲಿ, "ಸೊಸಿ ಭಾಳ ಛಲೋ ಅದಾಳ ತಮ್ಮಾ, ಖರೆ ಜರಾ ಅವಸರದಾಕಿ" ಅಂದರು.

ಮದುವೆ ಮನೆಯ ಪಂಗತಿಯಲ್ಲಿ ಅವರನ್ನು ನೋಡಬೇಕಿತ್ತು. ಬುಂದಿಯ ಬುಟ್ಟಿ ಹತ್ತಿರ ಬಂತೆಂದರೆ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ, ಶಿವಾ ಶಿವಾ" ಎಂದು ಕೂಗುತ್ತಿದ್ದರು. ಕೂಗಿದ್ದು ಬೀದಿಗೆ ಕೇಳಬೇಕು. ಆದರೆ ಹತ್ತಿರ ಕುಳಿತು ನೋಡಿದವನಿಗೆ ಗೊತ್ತು, ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ನಡುವೆ ಸಣ್ಣ ಸಂದಿ ಇರುತ್ತಿತ್ತು. ಬಡಿಸುವವರು ಅನುಭವಸ್ಥರಾದರೆ ಬುಂದಿ ಸರಿಯಾಗಿ ಅದರೊಳಗಿಂದಲೇ ಎಲೆಗೆ ಇಳಿಯುತ್ತಿತ್ತು. ಕಾಕಾ ಬಡಿಸುವವನನ್ನು ಬಯ್ಯುತ್ತ, ಲಿಂಗದ ಪ್ರಸಾದ ಬಿಡಬಾರದಲ್ಲ ಎಂದು ನಿಟ್ಟುಸಿರು ಬಿಡುತ್ತ, ಕೊನೆಯ ಕಾಳಿನವರೆಗೂ ತಿನ್ನುತ್ತಿದ್ದರು.

ಚೇರ್ಮನ್‌ಗಿರಿಯದೂ ಅದೇ ಕತೆ. ಪ್ರತಿ ಚುನಾವಣೆಗೆ "ನನಗ್ಯಾಕ ಬೇಕ್ರಪಾ ಈ ಉಸಾಬರಿ" ಎಂದು ಹೊಲದ ಗುಡಿಸಲಲ್ಲಿ ಹೋಗಿ ಕೂರುವುದು. ಹಿರಿಯರು ಹೋಗಿ ಕರೆಯುವುದು, ಬರುವುದಿಲ್ಲ. ಮತ್ತೆ ಹೋಗುವುದು, ಆಗಲೂ ಇಲ್ಲ. ಮೂರನೆಯ ಸಲ ಶಾಲು, ಕಾಯಿ ಹಿಡಿದು ಹೋದರೆ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಇಟ್ಟುಕೊಂಡು ಸಿದ್ಧರಾಗಿ ನಿಂತಿರುತ್ತಿದ್ದರು. ಊರಿನವರಿಗೆ ಇದು ನಗೆ. ಕಾಗದ ಹಿಡಿದು ಅವರ ಸಹಿಗಾಗಿ ಹೊಲಕ್ಕೂ ಸೊಸೈಟಿಗೂ ಓಡಾಡುವ ನನಗೆ ಮಾತ್ರ ಮೈ ಉರಿಯುತ್ತಿತ್ತು.

ತೊಂಬತ್ತರ ದಶಕ ಶುರುವಾದಾಗ ಸೊಸೈಟಿಗೆ ಕೆಟ್ಟ ಕಾಲ ಬಂತು. ಅಂಗಡಿಗಳಲ್ಲಿ ಅಗ್ಗದ ಎಣ್ಣೆಯ ಪಾಕೀಟುಗಳು ತೂಗುಬಿದ್ದವು. ಕುಸುಬಿ ಎಣ್ಣೆ ಕೇಳುವವರು ಕಡಿಮೆಯಾದರು. ಮೈತುಂಬ ಮುಳ್ಳಿರುವ ಆ ಬೆಳೆಯನ್ನು ಕೈಗೆ ಬಟ್ಟೆ ಸುತ್ತಿಕೊಂಡು ಕಿತ್ತು, ಕಡೆಗೆ ಕೇಳುವವರಿಲ್ಲ ಅಂದರೆ ಯಾರು ಬಿತ್ತುತ್ತಾರೆ? ಗಿರಣಿ ಇನ್ನೊಂದು ವರ್ಷ ಓಡಿದರೆ ಹೆಚ್ಚು ಅನ್ನುವ ಸ್ಥಿತಿ. ಅಂಥ ಹೊತ್ತಿನಲ್ಲಿ ಮುಂಬಯಿಯಿಂದ ಒಬ್ಬ ಏಜೆಂಟ ಬಂದ. ಕೆಲವು ವರ್ಷ ಜಪಾನಿನಲ್ಲಿದ್ದು ಅಲ್ಲಿಯ ಮಾತು ಕಲಿತವನು. ಅವನು ಹೇಳಿದ್ದು ಕೇಳಿ ನಾವು ನಂಬಲಿಲ್ಲ. ಜಪಾನಿನವರಿಗೆ ಕುಸುಬಿಯ ಕಾಳು ಬೇಡ, ಎಣ್ಣೆ ಬೇಡ. ಬಾಡಿ ಕೆಂಪಾದ ಹೂವಿನ ಎಸಳು ಬೇಕು. ಬಣ್ಣಕ್ಕೆ, ಔಷಧಿಗೆ. ನಮ್ಮ ಹೊಲಗಳಲ್ಲಿ ಆ ಎಸಳು ಗಾಳಿಗೆ ಉದುರಿ ಮಣ್ಣಾಗುತ್ತಿತ್ತು. ಎಸಳನ್ನು ಬಿಡಿಸಿ ನೆರಳಲ್ಲಿ ಒಣಗಿಸಿಕೊಟ್ಟರೆ ಅವರು ಪ್ರತಿ ವರ್ಷ ಕೊಳ್ಳುತ್ತಾರೆ, ಕಾಳು ನಮಗೇ ಉಳಿಯುತ್ತದೆ. ಹೂ ಬಿಡಿಸುವ ಕೆಲಸ ಹೆಂಗಸರದು. ಸುದ್ದಿ ಕೇಳಿದ್ದೇ ಅವರು ಹಳೆಯ ಸೀರೆ ಹರಿದು ಬೆರಳಿಗೆ ಸುತ್ತಿಕೊಳ್ಳುವ ಪಟ್ಟಿ ಹೊಲಿಯಲು ಕುಳಿತರು.

ಎಳ್ಳ ಅಮವಾಸಿಯ ಹೊತ್ತಿಗೆ ಏಜೆಂಟ ಜಪಾನಿನ ಸಾಹೇಬನನ್ನೇ ಕರೆತಂದ. ವಯಸ್ಸಾದ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಆ ದಿನ ನಮ್ಮಲ್ಲಿ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯಲ್ಲಿ ಸ್ವಲ್ಪವನ್ನು ಬೆಳೆಗೆ ಚರಗವೆಂದು ಚೆಲ್ಲಿ, ಮರದ ಕೆಳಗೆ ಎಲ್ಲರೂ ಕೂಡಿ ಊಟ. ಕಾಕು, ಅಂದರೆ ಕಾಕಾ ಅವರ ಹೆಂಡತಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ ಎಲ್ಲ ತಂದಿದ್ದರು. ಸಾಹೇಬ ಮೊದಲು ಕುಸುಬಿ ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಬೇಗ ಬಿತ್ತಿದ್ದ ಒಂದು ಪಟ್ಟಿಯಲ್ಲಿ ಅರಳಿದ್ದ ಹೂವಿನ ಎಸಳು ಕಿತ್ತು ಅಂಗೈಯಲ್ಲಿ ಉಜ್ಜಿ ನೋಡಿದ. ಆಮೇಲೆ ನಮ್ಮ ಹಾಗೆಯೇ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕುಳಿತ.

ಕಾಕಾ ಬಡಿಸಲು ನಿಂತರು. ಸಾಹೇಬ ಕೈ ಅಲ್ಲಾಡಿಸಿ ಸಾಕು ಅಂದ. ಕಾಕಾ ಬಡಿಸಿದರು. ಮತ್ತೆ ತಲೆ ಬಾಗಿಸಿ ಸಾಕು ಅಂದ. "ಹಂಗಂದ್ರ ಹ್ಯಾಂಗ್ರಿ ಸಾಹೇಬ್ರ, ಅಷ್ಟ ದೂರದಿಂದ ಬಂದೀರಿ" ಎಂದು ಕಾಕಾ ಅವನ ಕೈ ಸರಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಸಾಹೇಬ ತಾಟನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಮುಟ್ಟಿಸುವಂತೆ ಹಿಡಿದು, ನಕ್ಕು, ಎಲ್ಲ ತಿಂದ. ಕಡೆಗೆ ಸೊಂಟದ ಬೆಲ್ಟು ಸಡಿಲು ಮಾಡಿಕೊಂಡದ್ದನ್ನು ನೋಡಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕಾಕಾ ನನ್ನ ಕಿವಿಯಲ್ಲಿ, "ನಮ್ಮಂಥಾ ಮಂದೀನೇ ಅದಾರ ನೋಡ್ ತಮ್ಮಾ. ಬ್ಯಾಡ ಅಂತಾರ, ಹೊಟ್ಟಿ ತುಂಬ ಉಣ್ತಾರ" ಅಂದರು. ಅದೇ ಅಭಿಪ್ರಾಯ ಮುಂದೆ ಮುಳುವಾಯಿತು.

ಸಾಹೇಬ ಜಪಾನಿಗೆ ಮರಳುವ ಮುನ್ನ ಮುಂಬಯಿಯಲ್ಲಿ ಊಟಕ್ಕೆ ಕರೆದ. ಮಾತು ಅಲ್ಲೇ ಮುಗಿಸೋಣ ಅಂದ. ಹೋಗುವ ಮೊದಲು ಸೊಸೈಟಿಯ ಅಂಗಳದಲ್ಲಿ ಸಭೆ ಸೇರಿತು. ಎಲ್ಲರೂ ಒಪ್ಪಿದರು, ಹೆಂಗಸರೂ ಬಂದು ಗೋಡೆಗೆ ಒರಗಿ ನಿಂತು ಒಪ್ಪಿದರು. "ಚೇರ್ಮನ್ರ, ಹೂಂ ಅಂತ ಹೇಳೇ ಬರ್ರಿ" ಎಂದು ಒಬ್ಬ ಮುದುಕಿ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಕಾಕಾ, "ಅದನ್ನ ನನಗ ಹೇಳ್ಬೇಕೇನಬೇ?" ಅಂದರು.

ಸೊಲ್ಲಾಪುರಕ್ಕೆ ಬಸ್ಸು, ಅಲ್ಲಿಂದ ರೈಲು. ಬೆಳಿಗ್ಗೆ ಲಾಡ್ಜಿನಲ್ಲಿ ಕಾಕಾ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿ, ಧೋತರ ಉಟ್ಟರು. ಮಧ್ಯಾಹ್ನ ಸಮುದ್ರದ ದಂಡೆಯ ಆ ದೊಡ್ಡ ಹೋಟೆಲಿಗೆ ಹೋದೆವು. ಬಾಗಿಲಲ್ಲಿ ರುಮಾಲು ಸುತ್ತಿದ ಆಳೆತ್ತರದ ಮನುಷ್ಯ ಸಲಾಮು ಹೊಡೆದಾಗ ಕಾಕಾ ನಿಂತು ಮರಳಿ ಸಲಾಮು ಹೊಡೆದು, ಆರಾಮ ಇದೀರಾ ಎಂದು ಉರ್ದುವಿನಲ್ಲಿ ವಿಚಾರಿಸಿದರು. ನಿಜಾಮನ ಕಾಲದಲ್ಲಿ ಎರಡು ಮೂರು ಇಯತ್ತೆ ಉರ್ದು ಓದಿದವರು ಅವರು. ಒಳಗೆ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನಗೆ ಕಾಲಿಡಲು ಹೆದರಿಕೆ, ಅವರಿಗೇನೂ ಇಲ್ಲ.

ಜಪಾನಿ ಊಟದ ಮನೆ ಆ ಹೋಟೆಲಿನ ಒಳಗೇ ಒಂದು ಮೂಲೆಯಲ್ಲಿತ್ತು. ಕಟ್ಟಿಗೆಯ ಚೌಕಟ್ಟಿಗೆ ಕಾಗದ ಅಂಟಿಸಿದ ಸರಿಯುವ ಬಾಗಿಲು, ಚಾಪೆಯ ನೆಲ, ಮೊಣಕಾಲೆತ್ತರದ ಮೇಜು. ಚಪ್ಪಲಿ ಹೊರಗೆ ಬಿಡಬೇಕು. ಕಾಕಾ ಅವರಿಗೆ ಇದು ಬಹಳ ಸೇರಿತು. "ಕುರ್ಚಿ ಇಲ್ಲ, ಗಿರ್ಚಿ ಇಲ್ಲ. ನಮ್ಮ ಪಡಸಾಲಿ ಇದ್ದಂಗ ಅದ" ಎಂದು ಆರಾಮಾಗಿ ಕುಳಿತರು. ಕೈ ಒರೆಸಲು ಬಿಸಿ ಬಿಸಿ ಒದ್ದೆ ಬಟ್ಟೆ ಕೊಟ್ಟರು. ನಾವು ಶಾಕಾಹಾರಿಗಳೆಂದು ಏಜೆಂಟ ಮೊದಲೇ ಹೇಳಿ ನಮಗೆ ಬೇರೆ ಪಾತ್ರೆಯಲ್ಲಿ ಮಾಡಿಸಿದ್ದ.

ಊಟ ಬಂತು ಅನ್ನುವುದಕ್ಕಿಂತ ಊಟದ ತುಣುಕುಗಳು ಒಂದೊಂದಾಗಿ ಬಂದವು. ಅಂಗೈಯಷ್ಟು ಬಟ್ಟಲಲ್ಲಿ ಸೋಯಾ ಹಾಲಿನ ಗಟ್ಟಿ, ಮೇಲೊಂದು ಎಲೆ. ಸೌತೆಕಾಯಿ ಒಳಗಿಟ್ಟು ಸುತ್ತಿದ ಅನ್ನದ ಪುಟ್ಟ ಸುರುಳಿ. ಸಕ್ಕರೆ ಹಾಲು ಎರಡೂ ಇಲ್ಲದ ಹಸಿರು ಚಹಾ. ಕಾಕಾ ಲಿಂಗ ಮುಟ್ಟಿ ನಮಸ್ಕರಿಸಿ, ಊಟಕ್ಕೆಂದು ಕೊಟ್ಟಿದ್ದ ಜೋಡಿ ಕಡ್ಡಿಗಳನ್ನು ಪಕ್ಕಕ್ಕಿಟ್ಟು ಕೈಯಿಂದ ತಿಂದರು. ಆಮೇಲೆ ತೆಳ್ಳನೆಯ ಹಿಟ್ಟಿನಲ್ಲಿ ಕರಿದ ಬದನೆ, ಗೆಣಸು, ಮೆಣಸಿನಕಾಯಿ ಬಂದವು. ನಮ್ಮ ಬಜಿಯೇ, ಆದರೆ ಎಣ್ಣೆಯ ಜಿಡ್ಡೇ ಇಲ್ಲ. ಒಂದು ತಿಂದು ಕಾಕಾ ಕಣ್ಣು ಮುಚ್ಚಿದರು. ಅದು ಅವರಿಗೆ ಎಷ್ಟು ಹಿಡಿಸಿತೆಂಬುದು ನನಗೆ ಗೊತ್ತಾಯಿತು.

ಬಡಿಸುವ ಹೆಂಗಸು ಮಂಡಿಯೂರಿ ಕುಳಿತು, ಇನ್ನಷ್ಟು ಕೊಡಲೇ ಎಂದು ತಟ್ಟೆ ಮುಂದೆ ಹಿಡಿದಳು. ಕಾಕಾ ಎರಡೂ ಕೈ ಅಡ್ಡ ಹಿಡಿದು "ಬಸ್, ಬಸ್" ಅಂದರು. ಬೆರಳ ಸಂದಿ ನಾನು ನೋಡಿದೆ, ಇತ್ತು. ಅವಳು ತಲೆ ಬಾಗಿಸಿ ತಟ್ಟೆ ಎತ್ತಿಕೊಂಡು ಬಾಗಿಲು ಸರಿಸಿ ಹೋಗಿಬಿಟ್ಟಳು.

"ಹೋದ್ಲಲ್ಲೋ!" ಅಂದರು ಕಾಕಾ ನನ್ನ ಕಡೆ ತಿರುಗಿ. ನಿಜವಾಗಿಯೂ ಗಾಬರಿಯಾಗಿತ್ತು ಅವರಿಗೆ.

"ಇಲ್ಲಿ ಎರಡನೇ ಸಲ ಕೇಳಂಗಿಲ್ರಿ. ಬೇಕಂದ್ರ ಬೇಕು ಅನ್ರಿ."

"ಛೀ, ಮಂದಿ ಮನ್ಯಾಗ ಬೇಕು ಅನ್ನಾಕ ನಾಚಿಕಿ ಬ್ಯಾಡೇನು?"

ಅನ್ನ ಬಂತು. ಬೇಡ ಅಂದರು. ಅನ್ನ ಹೋಯಿತು. ನನಗೆ ಹೆದರಿಕೆ ಶುರುವಾದದ್ದು ಆಗ. ಈ ಮನುಷ್ಯ ಬಜಿಗೆ ಹೇಳಿದ್ದನ್ನೇ ಮುಂದೆ ಕೆಲಸದ ಮಾತಿಗೂ ಹೇಳಿದರೆ ಏನು ಗತಿ? "ಕಾಕಾ, ಸಾಹೇಬ್ರು ಕೇಳಿದ ಕೂಡಲೇ ಹೂಂ ಅನ್ರಿ. ಕೈ ಮುಗೀತೇನಿ" ಎಂದು ಪಿಸುಗುಟ್ಟಿದೆ. "ನನಗ ಕಲಸ್ತೀಯೇನೋ?" ಅಂದರು.

ಸಾಹೇಬ ಬಟ್ಟಲು ಕೆಳಗಿಟ್ಟು, ನೆಟ್ಟಗೆ ಕುಳಿತು ಮಾತಾಡಿದ. ಏಜೆಂಟ ಅದನ್ನು ಹಿಂದಿಯಲ್ಲಿ ಹೇಳಿದ. ಆಳಂದ ಕಡೆಯ ಹಳ್ಳಿಗಳ ಎಸಳನ್ನೆಲ್ಲ ಕೂಡಿಸಿ ಕೊಡುವ ಜವಾಬ್ದಾರಿಯನ್ನು ಚೇರ್ಮನ್ನರು ಸ್ವತಃ ಹೊರಬೇಕು, ಹೊರುತ್ತೀರಾ?

ಕಾಕಾ ಅವರ ಮುಖ ಅರಳಿತು. ಬೆನ್ನು ನೆಟ್ಟಗಾಯಿತು. ಮೀಸೆಯ ಮೇಲೆ ಬೆರಳಾಡಿಸಿ ಹೇಳಿದರು: "ಹಮಾರೇ ಸೆ ಕ್ಯಾ ಹೋತಾ ಸಾಬ್? ಹಮ್ ದೇಹಾತೀ ಲೋಗಾಂ." ನಮ್ಮಂಥ ಹಳ್ಳಿಯವರಿಂದ ಏನಾಗುತ್ತದೆ ಎಂದು.

ನಾನು ತಡೆಯಲಾರದೆ ಏಜೆಂಟನಿಗೆ ಹೇಳಿದೆ, "ನಮ್ಮ ಕಡೆ ಹೀಗೆಯೇ ಹೇಳುವುದು. ಇದು ಒಪ್ಪಿಗೆಯೇ. ದಯವಿಟ್ಟು ಇನ್ನೊಮ್ಮೆ ಕೇಳಿಸಿ." ಕಾಕಾ ನನ್ನನ್ನು ಸುಡುವ ಹಾಗೆ ನೋಡಿದರು. "ಸೆಕ್ರೆಟರಿ, ಸುಮ್ನ ಕೂಡು. ದೊಡ್ಡವರು ಮಾತಾಡಾಕತ್ತೇವಿ."

ಪುಣ್ಯಕ್ಕೆ ಏಜೆಂಟ ಕೇಳಿಸಿದ. ಸಾಹೇಬ ನಿಧಾನವಾಗಿ, ನಿಮ್ಮ ಹೊಲದಲ್ಲಿ ಉಂಡಿದ್ದೇನೆ, ನಿಮ್ಮ ಮೇಲೆ ನಂಬಿಕೆಯಿದೆ ಅಂದ. ಇಷ್ಟು ಒಳ್ಳೆಯ ಮಾತನ್ನು ನಮ್ಮ ಸೊಸೈಟಿಗೆ ಯಾರೂ ಆಡಿರಲಿಲ್ಲ. ನಾನು ಕಾಕಾ ಅವರ ಮೊಣಕಾಲನ್ನು ಮೇಜಿನ ಕೆಳಗೆ ಚಿವುಟಿದೆ. ಅವರು ಮೊಣಕಾಲು ಸರಿಸಿಕೊಂಡು, ಕಣ್ಣಲ್ಲಿ ನಗುತ್ತ, "ಇರ್ಲಿ ಸಾಬ್. ಹಮಾರೇ ಸೆ ಬಡೇ ಬಡೇ ಲೋಗಾಂ ಹೈಂ" ಅಂದರು. ನಮಗಿಂತ ದೊಡ್ಡವರಿದ್ದಾರಲ್ಲ ಎಂದು. ಇದು ಎರಡನೆಯದು. ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು.

ನಾನು ಮತ್ತೆ ಬಾಯಿ ತೆರೆದೆ. ಏಜೆಂಟ ಕೈಯೆತ್ತಿ ತಡೆದ. "ಹಿರಿಯರೇ ಎರಡು ಸಲ ಇಲ್ಲ ಅಂದಮೇಲೆ ನಿಮ್ಮ ಮಾತನ್ನು ನಾನು ಹೇಗೆ ಹೇಳಲಿ?" ಅಂದ. ಸಾಹೇಬ ಹಣೆ ಮೇಜಿಗೆ ತಾಕುವಷ್ಟು ಬಾಗಿ, ನಿಮ್ಮನ್ನು ಕಷ್ಟಕ್ಕೆ ಸಿಲುಕಿಸಿದ್ದಕ್ಕೆ ಕ್ಷಮಿಸಬೇಕು ಎಂದ. ಆಮೇಲೆ ಮಳೆಯ ಮಾತು ಬಂತು, ಮೊಮ್ಮಕ್ಕಳ ಮಾತು ಬಂತು. ಕಾಕಾ ಪ್ರತಿ ಮಾತಿಗೂ ತಲೆಯಾಡಿಸುತ್ತ ಕಾಯುತ್ತಿದ್ದರು. ಹೊಲದಲ್ಲಿ ಮೂರನೆಯ ಸಲಕ್ಕೆ ತಾಟು ಎತ್ತಿ ಹಿಡಿದ ಮನುಷ್ಯ ಈತನೇ. ಅವರಲ್ಲೂ ಇಂಥದೇ ರೀತಿ ಇದೆಯೋ ಏನೋ, ಇದ್ದರೂ ಇಷ್ಟು ಗಂಭೀರವಾಗಿ ಕುಳಿತ ಹಿರಿಯನನ್ನು ಮತ್ತೆ ಮತ್ತೆ ಒತ್ತಾಯಿಸಲು ಮನಸ್ಸು ಬರಲಿಲ್ಲವೋ ಏನೋ. ಯಾರನ್ನು ಕೇಳುವುದು? ಬಾಗಿಲವರೆಗೆ ಬಂದು ಚಪ್ಪಲಿ ಮೆಟ್ಟುವಾಗಲೂ ಕಾಕಾ ಬೇಕೆಂದೇ ತಡ ಮಾಡಿದರು. ಸಾಹೇಬ ಮತ್ತೊಮ್ಮೆ ಬಾಗಿದ, ಅಷ್ಟೇ.

ಹೊರಗೆ ಸಮುದ್ರದ ಗೋಡೆಯ ಮೇಲೆ ಕುಳಿತೆವು. ಇಬ್ಬರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಕಾಕು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದೆ. "ಊರಿಗಿ ಹೋಗಿ ಆ ಹೆಣ್ಣಮಕ್ಕಳಿಗಿ ಏನ್ ಹೇಳ್ತೀರಿ?" ಎಂದು ಕೂಗಿಯೇ ಬಿಟ್ಟೆ. ಪಕ್ಕದಲ್ಲಿ ಕುಳಿತವರು ತಿರುಗಿ ನೋಡಿದರು.

"ಇನ್ನೊಂದ್ ಸಲ ಕೇಳ್ತಾನ ಅಂತ ಕುಂತಿದ್ದೆ ತಮ್ಮಾ," ಅಂದರು ಕಾಕಾ.

"ಒಮ್ಮಿಗೇ ಹೂಂ ಅಂದ್ರ ಏನಾಗ್ತಿತ್ರಿ?"

ಅವರು ಗಂಟಿನಿಂದ ಒಂದು ರೊಟ್ಟಿ ಎತ್ತಿ ಮುರಿದರು. "ರಜಾಕಾರರ ಗದ್ದಲದಾಗ ನಾವು ಊರು ಬಿಟ್ಟು ಸೊಲ್ಲಾಪುರ ಕಡಿ ಓಡಿ ಹೋಗಿದ್ವಿ. ನಾ ಸಣ್ಣಾಂವ. ಪರರ ಮನಿ ಅಂಗಳದಾಗ ಇರಬೇಕಾತು. ಅವರು ರೊಟ್ಟಿ ಕೊಡಾಕ ಬಂದ್ರ ನಮ್ಮವ್ವ ನನ್ನ ಕೈ ಹಿಡದು ಹಿಂದ ಜಗ್ತಿದ್ಲು. ಮೊದಲ ಬ್ಯಾಡ ಅನ್ನು, ಹಸದಾವರು ಅಂತ ತಿಳೀಬಾರದು ಅಂತಿದ್ಲು. ಇಜ್ಜತ್ ಅಂದ್ರ ಅಷ್ಟ ಉಳದಿತ್ತು ನಮ್ಮ ಹತ್ರ." ರೊಟ್ಟಿಯ ತುಣುಕನ್ನು ಬಾಯಿಗಿಟ್ಟುಕೊಂಡರು. "ಆ ಮಂದಿ ಮತ್ತ ಮತ್ತ ಕೇಳ್ತಿದ್ರು. ಭಾಳ ಛಲೋ ಮಂದಿ."

ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಅವರ ಅವ್ವನ ಮೇಲೆ ಮರುಕ ಹುಟ್ಟಿತು, ನಿಜ. ಆದರೆ ಬೆರಳಿಗೆ ಪಟ್ಟಿ ಹೊಲಿದುಕೊಂಡು ಕಾದು ಕುಳಿತ ಹೆಂಗಸರದೇನು ತಪ್ಪು? ಅವರ ಪರವಾಗಿ ಹೋದವನು ತನ್ನ ಇಜ್ಜತ್ ಕಾಯ್ದುಕೊಂಡು ಬಂದರೆ ಆಯಿತೇ?

ಊರಲ್ಲಿ ಕಾಕಾ, "ಇನ್ನ ಕೇಳ್ತಾರ, ತಡೀರಿ" ಎಂದು ಎಲ್ಲರಿಗೂ ಹೇಳುತ್ತ ತಿರುಗಿದರು. ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿನ ಕಟ್ಟೆಯ ಮೇಲೆ ಹೋಗಿ ಕೂರುವುದು ರೂಢಿಯಾಯಿತು. ಮುಂದಿನ ಹಂಗಾಮಿಗೆ ಬಂದದ್ದು ಗಡಿಯಾಚೆಯ ಒಬ್ಬ ವ್ಯಾಪಾರಿಯ ಟೆಂಪೋ. ಜಪಾನಿಗೆ ಎಸಳು ಕೂಡಿಸಿಕೊಡುವ ಕೆಲಸ ಅವನ ಪಾಲಾಗಿತ್ತು. ನಮ್ಮೂರ ಹೆಂಗಸರನ್ನೇ ತುಂಬಿಕೊಂಡು ಹೋಗಿ ತನ್ನ ಹೊಲದ ಹೂ ಬಿಡಿಸಿಕೊಳ್ಳುತ್ತಿದ್ದ. ಸೊಸೈಟಿಯ ಮುಂದಿನಿಂದಲೇ ಟೆಂಪೋ ಹಾದುಹೋಗುವಾಗ ಕಾಕಾ ಒಳಗೆ ಎದ್ದು ಹೋಗುತ್ತಿದ್ದರು. ಗಿರಣಿ ನಿಂತಿತು. ನಾನು ಜೇವರ್ಗಿಯ ಒಂದು ಹತ್ತಿ ಅಂಗಡಿಯಲ್ಲಿ ಗುಮಾಸ್ತನಾಗಿ ಹೋದೆ. ಆ ಚುನಾವಣೆಗೆ ಕಾಕಾ ರೂಢಿಯಂತೆ ಹೊಲಕ್ಕೆ ಹೋಗಿ ಕೂತರಂತೆ. ಯಾರೂ ಕರೆಯಲು ಹೋಗಲಿಲ್ಲ. ಕತ್ತಲಾಗುವ ಮುಂಚೆ ತಾವೇ ಎದ್ದು ಬಂದರಂತೆ.

ಕೊನೆಯ ಸಲ ಮಾತಾಡಿಸಿದ್ದು ಅವರು ಹಾಸಿಗೆ ಹಿಡಿದಾಗ. ಸುದ್ದಿ ತಿಳಿದು ಜೇವರ್ಗಿಯಿಂದ ಬಂದೆ. ಪಡಸಾಲೆಯಲ್ಲಿ ಮಲಗಿದ್ದರು, ದೊಡ್ಡ ದೇಹ ಸೊರಗಿಹೋಗಿ ಧೋತರವೇ ಹೆಚ್ಚಾಗಿತ್ತು. ಕಾಕು ಬಾಗಿಲಲ್ಲೇ ಅತ್ತರು. "ಏನ್ ಕೊಟ್ರೂ ಬ್ಯಾಡ ಅಂತಾರೋ ತಮ್ಮಾ. ನಿಮ್ಮ ಕಾಕಾ ನಿನ್ನ ಮಾತು ಕೇಳ್ತಾರ, ನೀನರ ನೋಡು." ಊರಲ್ಲಿ ಕುಸುಬಿ ಬೆಳೆಯುವವರೇ ಇರಲಿಲ್ಲ. ಎಲ್ಲಿಂದಲೋ ಒಂದು ಹಿಡಿ ಕಾಳು ತಂದು, ಅರೆದು ಹಾಲು ತೆಗೆದು, ಗೋದಿ ಹುಗ್ಗಿಗೆ ಹಾಕಿದ್ದರು. ಕಾಕಾ ಅವರಿಗೆ ಅದು ಜೀವ.

ಬಟ್ಟಲು ಹಿಡಿದು ಹತ್ತಿರ ಕುಳಿತೆ.

"ಒಂದ್ ತುತ್ತ ತಗೋರಿ ಕಾಕಾ."

"ಬ್ಯಾಡೋ ತಮ್ಮಾ."

ನನಗೆ ಒಳಗೊಳಗೇ ಸಂತೋಷವೇ ಆಯಿತು. ಈ ಆಟ ನನಗೆ ಗೊತ್ತಿತ್ತು. "ಕಾಕು ಕುಸುಬಿ ಹಾಲು ಹಾಕ್ಯಾರ್ರಿ."

"ಇರ್ಲಿ ಬಿಡು."

"ನಾ ಜೇವರ್ಗಿಯಿಂದ ಬಂದೀನ್ರಿ. ಹಂಗ ಕಳಸ್ತೀರೇನು?"

ಅವರು ನನ್ನ ಮುಖ ನೋಡಿದರು. ಆಮೇಲೆ ಕೈಯನ್ನು ಕಷ್ಟಪಟ್ಟು ಎತ್ತಿ ಬಟ್ಟಲಿನ ಮೇಲೆ ಇಟ್ಟರು. ನಾನು ಬೆರಳುಗಳನ್ನು ನೋಡಿದೆ. ಒಂದಕ್ಕೊಂದು ಅಂಟಿಕೊಂಡಿದ್ದವು. ನಡುಬೆರಳಿಗೂ ಉಂಗುರ ಬೆರಳಿಗೂ ನಡುವೆ ಒಂದು ಕಾಳು ಇಳಿಯುವಷ್ಟೂ ಜಾಗ ಇರಲಿಲ್ಲ.

ನಾನು ಮತ್ತೆ ಕೇಳಿದೆ. ಅವರು ಕಣ್ಣು ಮುಚ್ಚಿದರು. ಆದರೂ ಕೇಳಿದೆ. ಕಾಕು ಬಂದು ನನ್ನ ಕೈಯಿಂದ ಬಟ್ಟಲು ಇಸಿದುಕೊಳ್ಳುವವರೆಗೂ ಕೇಳುತ್ತಲೇ ಇದ್ದೆ.